ಇಬ್ಬರು ಸಿದ್ದಪ್ಪಗೋಳು ಮತ್ತ ಬದಲಿ ಹೆಣ್ಮಕ್ಕಳ ಹಾಜರಿ

ಈಗ ಕಂಪ್ಯೂಟರ್ ಕೆಲಸಕ್ಕ ಸೇರೂ ಹುಡುಗ್ಯಾರು ನನ್ನ ಕೇಳ್ತಾರ, "ಮಾವಶಿ, ನಿಮ್ಮ ಕಾಲಕ್ಕ ಸೊಲ್ಲಾಪುರದಾಗ ಕಂಪ್ಯೂಟರ್ ಇತ್ತೇನ್ರಿ?" ಇತ್ತವಾ, ಇತ್ತು. ಆದ್ರ ಅದು ಏನಂಬೂದು ನಮಗ್ಯಾರಿಗೂ ಗೊತ್ತಿದ್ದಿಲ್ಲ. ನನಗ ತಿಳಿದದ್ದಕ್ಕಿಂತ ತಿಳೀದ ಉಳಿದದ್ದ ಹೆಚ್ಚು. ಬಡ್ತಿ ಯಾವಾಗ ಸಿಕ್ತು, ನಿವೃತ್ತಿ ದಿನ ಯಾರು ಶಾಲು ಹೊಚ್ಚಿದ್ರು, ಅದನ್ನೆಲ್ಲಾ ನಾ ಹೇಳಾಂಗಿಲ್ಲ. ಅದರಾಗ ನೀವು ಕಲಿಯೂದು ಏನೂ ಇಲ್ಲ. ತಲಿ ಕೆಟ್ಟದ್ದನ್ನ ಹೇಳ್ತೀನಿ, ಕೇಳ್ರಿ.

ನಮ್ಮೂರು ಅಕ್ಕಲಕೋಟ. ಹೊಲ-ಮನಿ ಇದ್ದ ಮಂದಿ ನಾವು. ಅಪ್ಪ ನನ್ನ ಟೈಪಿಂಗ್ ಕ್ಲಾಸಿಗೆ ಹಾಕಿದ್ದು ಯಾಕಂದ್ರ, ಮನ್ಯಾಗ ಕುಂತು ಎಲ್ಲಾರ ಜೋಡಿ ಜಗಳಾ ತಗೀತೀನಿ ಅಂತ. ಮರಾಠಿ ಟೈಪಿಂಗ್, ಇಂಗ್ಲಿಷ್ ಟೈಪಿಂಗ್ ಎರಡೂ ಪಾಸಾದೆ. ಸೊಲ್ಲಾಪುರದ ಒಂದು ಚಾದರ್ ಮಿಲ್ಲಿನ ಹಾಜರಿ ಆಫೀಸಿನಾಗ ಟೈಪಿಸ್ಟ್ ಅಂತ ತಗೊಂಡ್ರು. ದಿನಾ ಬೆಳಿಗ್ಗೆ ಅಕ್ಕಲಕೋಟದಿಂದ ಎಸ್.ಟಿ. ಬಸ್ಸು, ಸಂಜೀಕ ಮತ್ತ ಅದ ಬಸ್ಸು. ಮೊದಲ ಕೆಲವು ವರ್ಷ ಬರೇ ಟೈಪ್ ಹೊಡಿಯೂದು, ಚಹಾ ಕುಡಿಯೂದು, ಸಾಹೇಬ್ರ ಬೈಗಳಾ ತಿನ್ನೂದು. ತಲಿ ತಂಪ ಇತ್ತು.

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು, ಆವಾಗ ಮುಂಬೈದಿಂದ ಲಾರಿಯೊಳಗ ಮಶೀನ್ ಬಂತು. ಅದಕ್ಕೊಂದು ಖೋಲಿ, ಖೋಲಿಗೊಂದು ಥಂಡಿ ಹವಾದ ಡಬ್ಬಿ. ನಮಗ ಮನುಷ್ಯಾರಿಗಿ ಫ್ಯಾನ್ ಸುದ್ಧಾ ಇದ್ದಿಲ್ಲ, ಅದಕ್ಕ ಥಂಡಿ ಹವಾ! ನಮ್ಮ ಹೆಡ್ ಕ್ಲಾರ್ಕ್ ಗುರುಪಾದಪ್ಪನವರು ಕಾಯಿ ಒಡದು, ಅರಿಷಿಣ-ಕುಂಕುಮ ಹಚ್ಚಿ, ಹೊಸ್ತಿಲಿಗಿ ಲಿಂಬಿಹಣ್ಣು ಕಟ್ಟಿದ್ರು. ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಬೇಕು. ಕಲಿಸಾಕ ಪುಣೆದಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಸಣ್ಣ ವಯಸ್ಸು, ಗಡಬಡಿ ಮಾತು. ಅವ ಚಪ್ಪಲಿ ಬಿಟ್ಟದ್ದು ಧೂಳಿಗಂಜಿ, ಗುರುಪಾದಪ್ಪನವರು ಬಿಟ್ಟದ್ದು ದೇವರಿಗಂಜಿ. ಹಿಂಗಾಗಿ ಆ ಒಂದ ವಿಷಯದಾಗ ಇಬ್ಬರದೂ ಸರಿಹೋಯ್ತು.

ಟರ್ಮಿನಲ್ ಅಂದ್ರ ಒಂದು ಸಣ್ಣ ಪಡದೆ, ಅದರ ಮುಂದ ಟೈಪ್ ಕೀಲಿಗಳು. ಈಗಿನಂಗ ಚಿತ್ರ ಇಲ್ಲ, ಕೈಯಾಗ ಹಿಡಿಯೂ ಇಲಿ ಇಲ್ಲ. ಪಡದೆ ಮ್ಯಾಲ ಒಂದು ಹಸರ ಚುಕ್ಕಿ ಮಿಟಿಮಿಟಿ ಅಂತಿತ್ತು. ಹುಕುಂ ನಾವು ಬರದು ಕೊಡಬೇಕು. ಫೈಲ್ ನೋಡಬೇಕಂದ್ರ ಒಂದು ಶಬ್ದ, ನಕಲು ಮಾಡಾಕ ಒಂದು, ಹೆಸರು ಬದಲಿಸಾಕ ಒಂದು, ಅಳಸಾಕ ಒಂದು. ಇಂಜಿನಿಯರ್ ಹೇಳಿದ, "ಬಾಯಿ, ಮಶೀನ್ ಅಂದ್ರ ಕಪಾಟು. ಒಳಗ ಖಾನೆಗೋಳು, ಖಾನೆದಾಗ ಫೈಲುಗೋಳು. ನೀವು ಯಾವ ಖಾನೆದಾಗ ಅದೀರಿ ಅನ್ನೂದು ಯಾವಾಗಲೂ ಲಕ್ಷ್ಯದಾಗ ಇರಲಿ."

ನಾ ಯಾವ ಖಾನೆದಾಗ ಅದೀನಿ? ನಾ ಕುರ್ಚಿ ಮ್ಯಾಲ ಅದೀನಲ್ಲೋ ಮಾರಾಯ! ನನಗ ಆ ಮಾತು ಎಷ್ಟೋ ದಿನ ತಿಳೀಲಿಲ್ಲ. ವೈಂಡಿಂಗ್ ಖಾತೆದ ಹಾಜರಿ ಕೇಳಿದ್ರ, ಇಲ್ಲ ಅಂತಿತ್ತು. ನಿನ್ನೆ ನಾನ ಹೊಡದಿಟ್ಟದ್ದು, ಇಲ್ಲ ಅಂತೈತಿ. ಕಳ್ಳರು ಬಂದ್ರೇನು? ಅಳೂದೊಂದ ಬಾಕಿ. ಇಂಜಿನಿಯರ್ ಬಂದು ಮತ್ತೊಂದು ಶಬ್ದ ಹೊಡದ, ಬಂತು. "ನೀವು ರಂಗಖಾತೆದ ಖಾನೆದಾಗ ನಿಂತು ವೈಂಡಿಂಗ್ ಹುಡಕಾಕತ್ತಿದ್ರಿ" ಅಂದ. ನಾ ಎದ್ದು ಎಲ್ಲಿಗೂ ಹೋಗೇ ಇಲ್ಲ, ಬಣ್ಣ ಹಾಕೂ ಖಾತೆದಾಗ ಯಾವಾಗ ಹೋಗಿ ನಿಂತೆ ಅಂತ ಗಾಬರಿ ಆಗಿ ಕುಂತೆ.

ಕಡೀಕ ಅದು ತಿಳಿದದ್ದು ಅಕ್ಕಲಕೋಟದ ಬಸ್ ಸ್ಟ್ಯಾಂಡಿನಾಗ. ಯಾರೋ ಒಬ್ಬಾಂವ "ಶಿವಪ್ಪನ ಮನಿ ಎಲ್ಲೈತ್ರಿ" ಅಂತ ಕೇಳಿದ. ನನ್ನ ಜೋಡಿ ನಮ್ಮವ್ವ ಇದ್ದಳು. ಆಕಿ ಕೇಳಿದಳು, "ಯಾವ ಗಲ್ಲಿ? ಯಾರ ಮನಿತನ? ಯಾರ ಮಗ ಶಿವಪ್ಪ? ಬರೇ ಶಿವಪ್ಪ ಅಂದ್ರ ನಾ ಯಾವ ಶಿವಪ್ಪನ್ನ ತೋರಸಲಿ?" ಆವಾಗ ನನ್ನ ತಲಿಯೊಳಗ ಹೊಳೀತು. ಗಲ್ಲಿ, ಮನಿತನ, ಅಪ್ಪ, ಆಮ್ಯಾಲ ಹೆಸರು. ಮಶೀನಿಗೂ ಹಂಗ ಹೇಳಬೇಕು. ಮರುದಿನ ಪೂರಾ ಪತ್ತೆ ಹೊಡದೆ, ಫೈಲ್ ತಾನ ಬಂತು. ಹುಡುಗ್ಯಾರ, ಇದೊಂದು ನೆನಪಿಟ್ಟುಕೊಳ್ರಿ. ಕಳದದ್ದೆಲ್ಲಾ ಕಳದಿರಾಂಗಿಲ್ಲ, ನೀವು ಬ್ಯಾರೆ ಗಲ್ಲಿಯೊಳಗ ನಿಂತಿರ್ತೀರಿ.

ಎರಡನೇ ಗೊಂದಲ ಅದರ ಮೌನ. ಹುಕುಂ ತಪ್ಪಿದ್ರ ಮಶೀನ್ ಬೈತಿತ್ತು. ಸರಿ ಇದ್ರ ಏನೂ ಅನ್ನಾಂಗಿಲ್ಲ, ಸುಮ್ಮನ ಹಸರ ಚುಕ್ಕಿ ಮಿಟಗಿಸ್ತಿತ್ತು. ನಮ್ಮ ಕಡೆ ಹೇಳಿದ್ದಕ್ಕ ಯಾರಾದ್ರೂ ಸುಮ್ಮನ ಕುಂತ್ರ ಕೇಳಿಸಿಲ್ಲ ಅಂತ, ಇಲ್ಲಂದ್ರ ಸಿಟ್ಟಾಗ್ಯಾರ ಅಂತ. ಹಿಂಗಾಗಿ ಗುರುಪಾದಪ್ಪನವರು ನನ್ನ ಬೆನ್ನಿಗಿ ನಿಂತು, "ಮಹಾದೇವಿ, ಇನ್ನೊಮ್ಮೆ ಹೊಡಿವಾ, ಕೇಳಿಸಿಲ್ಲ ಅದಕ್ಕ" ಅಂತಿದ್ರು. ನಾ ಇನ್ನೊಮ್ಮೆ ಹೊಡೀತಿದ್ದೆ. ಅಳಸೂ ಹುಕುಂ ಎರಡನೇ ಸಲ ಹೊಡದ್ರ, ಫೈಲ್ ಇಲ್ಲ ಅಂತ ಬೈಯ್ಯಾವದು. ಈಗ ನೋಡ್ರಿ, ಅದ ಅಳಸಿ, ಅದ ಇಲ್ಲ ಅನ್ನೂದು. ಗುರುಪಾದಪ್ಪನವರು ನಕ್ಕೋತ, "ಥೇಟ್ ನಮ್ಮ ಮನಿಯಾಕಿ" ಅಂತಿದ್ರು.

ಗುರುಪಾದಪ್ಪನವರ ಬಗ್ಗೆ ಎರಡು ಮಾತು ಹೇಳಬೇಕು. ಅವರು ಮಿಲ್ಲಿನಾಗ ತಲಿ ಬೆಳ್ಳಗಾದ ಮನುಷ್ಯಾ. ಕೆಲಸಗಾರರ ಹಾಜರಿ ಕೈಯಾಗ ಹಿಡದು ಬೆಳದಾವರು. ಒಳ್ಳೆಯವರು, ಆದ್ರ ಹಟ ಭಾಳ. ಹೊಸದರಾಗ ಅಗಸ ಗೋಣಿ ಎತ್ತೆತ್ತಿ ಒಗದಿದ್ದಂತ, ಹಂಗ ಮಶೀನ್ ಬಂದ ಮ್ಯಾಲ ಎಲ್ಲಾದಕ್ಕೂ ತಾವ ಮುಂದ. ಅವರಿಗಿ ಟೈಪ್ ಬರತಿದ್ದಿಲ್ಲ, ಹಿಂಗಾಗಿ ಡಿಸ್ಕ್ ಇಡೂದು ಅವರ ಕೆಲಸ, ಹೊಡಿಯೂದು ನನ್ನದು.

ಡಿಸ್ಕ್ ಅಂದ್ರ ಆವಾಗ ದೊಡ್ಡ ಹಪ್ಪಳದಷ್ಟು ಇರತಿತ್ತು, ಕರೇದು, ಕಾಗದದ ಚೀಲದಾಗ. ಇಂಜಿನಿಯರ್ ಹೇಳಿಕೊಟ್ಟಿದ್ದ: ಪ್ರತಿ ಫೈಲಿಂದು ಮೂರು ಡಿಸ್ಕಿನಾಗ ನಕಲು ಇರಬೇಕು. ಭಾಳ ಹಳೇದು ಅಜ್ಜ, ನಡುವಿಂದು ಅಪ್ಪ, ಹೊಸಾದು ಮಗ. ಶನಿವಾರಕ್ಕೊಮ್ಮೆ ಅಜ್ಜನ್ನ ತಗದು, ಅದರ ಮ್ಯಾಲ ಹೊಸ ನಕಲು ಬರೀಬೇಕು, ಅದು ಮಗ ಆಗತೈತಿ. ಉಳದಾವರು ಒಂದೊಂದು ಮೆಟ್ಟಲಾ ಮ್ಯಾಲೇರ್ತಾರ. "ಚೀಟಿ ಹಚ್ಚಿ ಹೆಸರು ಬರೀರಿ" ಅಂದು ಅವ ಪುಣೆಕ್ಕ ಹೋದ.

ಗುರುಪಾದಪ್ಪನವರು ಹೆಸರು ಬರದ್ರು. ಅಜ್ಜನ ಮ್ಯಾಲ ತಮ್ಮ ತಂದಿ ಹೆಸರು, ಸಿದ್ದಪ್ಪ. ನಡುವಿಂದಕ್ಕ ತಮ್ಮದ, ಗುರುಪಾದಪ್ಪ. ಹೊಸಾದಕ್ಕ ತಮ್ಮ ಮಗನ ಹೆಸರು. ನಮ್ಮಲ್ಲಿ ತೀರಿಹೋದ ಅಜ್ಜನ ಹೆಸರು ಮೊಮ್ಮಗಗ ಇಡೂದು ರೂಢಿ, ಹಿಂಗಾಗಿ ಅದೂ ಸಿದ್ದಪ್ಪ. ನಾ ಹೇಳಿದೆ, "ಸರ, ಎರಡು ಸಿದ್ದಪ್ಪ ಆದ್ರ ಹ್ಯಾಂಗ್ರಿ?" "ನಮ್ಮ ಮನಿತನದಾಗ ಎರಡು ಸಿದ್ದಪ್ಪ ಆದ್ರಲ್ಲ, ಯಾವತ್ತಾದ್ರೂ ಅದಲುಬದಲು ಆಗ್ಯಾರೇನು?" ಅಂದ್ರು. ಶನಿವಾರ ಬಂತು. ದೊಡ್ಡ ಸಿದ್ದಪ್ಪನ ಮ್ಯಾಲ ಹೊಸ ನಕಲು ಬರದಿವಿ. ಈಗ ಚೀಟಿ ಬದಲಿ ಮಾಡೂಣ್ರಿ ಅಂದೆ. "ಅಜ್ಜ ಹೋಗಿ ಮೊಮ್ಮಗ ಆಗಿ ಹುಟ್ಟಿ ಬಂದಾನ, ಹೆಸರು ಅದ ಐತಿ, ಚೀಟಿ ಯಾಕ ಕೀಳ್ತಿ?" ಅಂದ್ರು. ಮುಂದಿನ ಶನಿವಾರ ಗುರುಪಾದಪ್ಪ ಅನ್ನೂ ಡಿಸ್ಕು ಅಜ್ಜ ಆಯ್ತು. ಅದಕ್ಕ ಏನನಬೇಕು? "ನಾ ಇನ್ನೂ ಜೀವಂತ ಇದ್ದೀನಿ, ನನ್ನ ಹೆಸರು ಮೊಮ್ಮಗಗ ಇಡಾಕ ಬರೂದಿಲ್ಲ" ಅಂತ ಅದನ್ನೂ ಹಂಗ ಬಿಟ್ರು. ಕೆಲವು ವಾರ ಆಗೂದ್ರಾಗ ಯಾರು ಅಜ್ಜ, ಯಾರು ಅಪ್ಪ, ಯಾರು ಮಗ ಅನ್ನೂದು ಅವರ ತಲಿಯಾಗ ಒಂದು, ನನ್ನ ತಲಿಯಾಗ ಒಂದು ಆಗಿತ್ತು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು.

ಈಗ ಬದಲಿ ಮಂದಿ ಸುದ್ದಿ. ಮಿಲ್ಲಿನಾಗ ಕೆಲವರು ಕಾಯಂ, ಕೆಲವರು ಬದಲಿ. ಬದಲಿಯವರು ಬೆಳಿಗ್ಗೆ ಗೇಟಿನ ಮುಂದ ಸಾಲಾಗಿ ನಿಂದರಬೇಕು. ಕಾಯಂ ಇದ್ದಾವರು ಯಾರಾದ್ರೂ ಬರದಿದ್ರ, ಅವರ ಜಾಗಾದಾಗ ಒಬ್ಬರನ್ನ ಜಾಬರ್, ಅಂದ್ರ ಖಾತೆದ ಮೇಸ್ತ್ರಿ, ಕರೀತಿದ್ದ. ಕರೀದಿದ್ರ ಮನಿಗಿ ವಾಪಸ್. ವರ್ಷದಾಗ ಬೇಕಾದಷ್ಟು ದಿನ ತುಂಬಿದಾವರನ್ನ ದಸರಾಕ್ಕ ಕಾಯಂ ಮಾಡ್ತಿದ್ರು. ವೈಂಡಿಂಗ್ ಖಾತೆದಾಗ, ಅಂದ್ರ ನೂಲು ಸುತ್ತೂ ಖಾತೆದಾಗ, ಎಲ್ಲಾ ಹೆಣ್ಮಕ್ಕಳ. ಮಂದ್ರೂಪದ ಶಾಂತವ್ವ ಅವರಾಗ ಒಬ್ಬಾಕಿ ಬದಲಿ. ಗಂಡ ತೀರಿಕೊಂಡಿದ್ದ, ಎರಡು ಮಕ್ಕಳು. ಮೊದಲ ಬಸ್ಸು ಹಿಡದು ಬಂದು ಸಾಲಿನಾಗ ನಿಂದರತಿದ್ದಳು. ಆ ದಸರಾಕ್ಕ ಆಕಿದು ದಿನ ತುಂಬಿತ್ತು. ಆಫೀಸಿನ ಕಿಡಿಕಿಗಿ ಬಂದು, "ಬಾಯಿ, ನನ್ನ ಹೆಸರು ಮಶೀನಿನಾಗ ಐತಿಲ್ಲರಿ?" ಅಂತ ಕೇಳ್ತಿದ್ದಳು. "ಐತಿ, ಹೋಗ ನಮ್ಮವ್ವಾ, ನಿನ್ನ ಹೆಸರಿಗಿ ಏನೂ ಆಗಾಂಗಿಲ್ಲ" ಅಂತಿದ್ದೆ.

ದಸರಾ ಹತ್ರ ಬಂತು. ಒಂದಿನ ಮಧ್ಯಾಹ್ನ ಲೈಟ್ ಹೋತು, ಬಂತು, ಮತ್ತ ಹೋತು. ಆ ಹೊತ್ತಿನಾಗ ಬದಲಿ ಹಾಜರಿದು ಗುರುಪಾದಪ್ಪ ಡಿಸ್ಕು ಮಶೀನಿನಾಗ ಇತ್ತು, ಅದು ಕೆಟ್ಟು ಹೋತು. ಮಶೀನಿನ ಒಳಗಿದ್ದ ಫೈಲೂ ಹೋತು. "ಏನೂ ಹೆದರಬ್ಯಾಡ, ಇಬ್ಬರು ಸಿದ್ದಪ್ಪ ಅದಾರ" ಅಂದ್ರು ಗುರುಪಾದಪ್ಪನವರು. ಇಂಜಿನಿಯರ್ ಒಂದು ನಿಯಮ ಹೇಳಿದ್ದ: ಗಂಡಾಂತರ ಬಂದಾಗ ಹೊಸ ಡಿಸ್ಕು ಮುಟ್ಟೂ ಮೊದಲ ಅದರದೊಂದು ನಕಲು ಹಳೇ ಡಿಸ್ಕಿನ ಮ್ಯಾಲ ತಗೋರಿ. ಗುರುಪಾದಪ್ಪನವರು ಒಂದು ಸಿದ್ದಪ್ಪನ್ನ ಎಡಕ್ಕ ಇಟ್ರು, ಒಂದು ಸಿದ್ದಪ್ಪನ್ನ ಬಲಕ್ಕ ಇಟ್ರು. "ಎಡಗಡೆ ಮೊಮ್ಮಗ. ಎಡದಿಂದ ಬಲಕ್ಕ ಹೊಡಿ" ಅಂದ್ರು. ನನಗ ಸಂಶೇ ಬಂತು, ಎಡದಾವ ಅಜ್ಜ ಅನಸ್ತು. ಕೇಳಿದೆ. "ನಮ್ಮಪ್ಪನ ಗುರುತು ನನಗಿಲ್ಲೇನು?" ಅಂದ್ರು. ಹೊಡದೆ. ಮಶೀನ್ ಸುಮ್ಮನಿತ್ತು. ತಗದು ನೋಡಿದ್ರ, ಎರಡರಾಗೂ ಮಳಿಗಾಲಕ್ಕಿಂತ ಮೊದಲಿನ ಹಾಜರಿ. ಹೆಸರಿನ ಗೊಂದಲದಾಗ ಒಂದು ಸಿದ್ದಪ್ಪನ ಸರದಿ ಮಳಿಗಾಲ ಪೂರಾ ತಪ್ಪಿ ಹೋಗಿತ್ತು. ಹಳೇದು ಹೊಸಾದರ ಮ್ಯಾಲ ಕುಂತಿತ್ತು. ಬದಲಿಯವರ ಮಳಿಗಾಲದ ದುಡಿತ ಎಲ್ಲಾ ಅಳಿಸಿ ಹೋಗಿತ್ತು.

ಜಾಬರ್ ದಿನಾ ಬರದು ಕಳಸ್ತಿದ್ದ ಚೀಟಿಗೋಳು? ಮಶೀನ್ ಬಂದ ಮ್ಯಾಲ, ಹೊಡದಾದ ಚೀಟಿ ಇಡಬ್ಯಾಡ್ರಿ ಅಂತ ಮ್ಯಾನೇಜರ್ ಸಾಹೇಬ್ರು ಹುಕುಂ ಮಾಡಿದ್ರು. ಅವೆಲ್ಲಾ ರದ್ದಿ ಆಗಿ ಹೋಗಿದ್ವು. ಗುರುಪಾದಪ್ಪನವರು ಕುರ್ಚಿ ಮ್ಯಾಲ ಕುಸದು ಕುಂತ್ರು. ಸಾಹೇಬ್ರು ಬಂದು ಮರಾಠಿಯೊಳಗ ಒಂದ ಮಾತು ಅಂದ್ರು: "ಮಶೀನಿನಾಗ ಎಷ್ಟೈತಿ ಅಷ್ಟ ಖರೇ. ಅದರ ಮ್ಯಾಲ ಯಾದಿ ಮಾಡ್ರಿ." ಅಂದ್ರ ಆ ವರ್ಷ ಒಬ್ಬ ಬದಲಿಯಾಕಿನೂ ಕಾಯಂ ಆಗಾಂಗಿಲ್ಲ. ಶಾಂತವ್ವಗ ನಾ ಏನ್ ಹೇಳಿದ್ದೆ ಮತ್ತ?

ತಲಿ ಹಿಡಕೊಂಡು ಕುಂತಾಗ ಒಂದು ಹೊಳೀತು. ಬದಲಿಯಾಕಿ ತಾನ ಬರಾಂಗಿಲ್ಲ, ಯಾರದೋ ಜಾಗಾದಾಗ ಬರತಾಳ. ಕಾಯಂ ಮಂದಿಯ ಹಾಜರಿ ಬ್ಯಾರೆ ಡಿಸ್ಕಿನಾಗ ಸುರಕ್ಷಿತ ಇತ್ತು. ಯಾರು ಯಾವತ್ತು ಬಂದಿಲ್ಲ ಅಂಬೂದು ಅದರಾಗ ಐತಿ. ಬರದಾಕಿ ಜಾಗಾದಾಗ ಯಾರು ಕುಂತಿದ್ರು ಅಂತ ಕೇಳಿದ್ರ ಸಾಕು. ಸಾಹೇಬ್ರಿಗಿ ಹೇಳಿದೆ. "ಹೆಂಗಸರಿಗಿ ಅದೆಲ್ಲಾ ನೆನಪಿರತೈತೇನು?" ಅಂದ್ರು. "ಕೇಳಿ ನೋಡ್ರಿ ಸಾಹೇಬ" ಅಂದೆ, ಸ್ವಲ್ಪ ಜೋರನ ಅಂದೆ. ಅವರು ಒಪ್ಪಿದ್ರು, ಆದ್ರ ಒಂದು ಷರತ್ತು: ಕಾಯಂ ಫೈಲಿನಾಗ ಯಾರದೂ ರಜಾ ತೋರಸದ ಇದ್ದ ದಿನಕ್ಕ ಬದಲಿ ತೋರಸಾಂಗಿಲ್ಲ.

ಊಟದ ಸುಟ್ಟಿಯೊಳಗ ಖಾತೆದಾಗ ಕುಂತು ಕೇಳಾಕತ್ತೆ. ನೆನಪು ಅಂದ್ರ ನೆನಪು! "ಕಲಾವತಿ ತಂಗಿ ಲಗ್ನದಾಗ ನಾ ಕುಂತಿದ್ದೆ." "ಗಂಗವ್ವನ ಬಾಣಂತನ ಪೂರಾ ನಂದ." "ಆಕಿ ಮಾವ ಸತ್ತಾಗ ನಾನು, ಮೂರನೇ ದಿನದಿಂದ ಈಕಿ." ಫೈಲ್ ತಗದು ನೋಡಿದ್ರ ತಾರೀಖು ಸರಿ ಕೂಡತಿತ್ತು. ಬಸರು, ಬಾಣಂತನ, ಸಾವು, ಜ್ವರ, ನಾಗರಪಂಚಮಿಗಿ ತವರಿಗಿ ಹೋದದ್ದು, ಎಲ್ಲಾ ಹಾಜರಿ ಆಗಿ ಕುಂತಿತು. ಗುರುಪಾದಪ್ಪನವರು ಬಾಜೂಕ ನಿಂತು ಓದತಿದ್ರು, ನಾ ಹೊಡೀತಿದ್ದೆ. ಎಲ್ಲಾರದೂ ಕೂಡೀತು, ಶಾಂತವ್ವಂದು ಕೂಡಲಿಲ್ಲ.

ಆಷಾಢದಾಗ ಹೆಚ್ಚು ಕಡಿಮಿ ಒಂದು ತಿಂಗಳು ಆಕಿ ದಿನಾ ಕೆಲಸಾ ಮಾಡಿದ್ದು ನನಗ ನೆನಪೈತಿ, ನಾನ ಹೊಡದಿದ್ದೆ. ಆದ್ರ ಆ ತಿಂಗಳು ವೈಂಡಿಂಗಿನಾಗ ಅಷ್ಟು ದಿನ ಯಾರೂ ರಜಾ ಇದ್ದಿಲ್ಲ. "ಯಾರ ಜಾಗಾದಾಗ ಕುಂತಿದ್ದಿ ಶಾಂತವ್ವಾ?" ಅಂದೆ. "ನೆನಪಿಲ್ಲರಿ ಬಾಯಿ" ಅಂದಳು. ಮಂದಿ ತಮ್ಮ ಒಂದೊಂದ ದಿನ ನೆನಪ ಇಟ್ಟಾರ, ಈಕಿಗಿ ಒಂದು ತಿಂಗಳು ನೆನಪಿಲ್ಲ! ಬಾಜೂದಾಕ್ಯಾರನ್ನ ಕೇಳಿದೆ, ಎಲ್ಲಾರೂ ರೊಟ್ಟಿ ಮುರಕೋತ ತಲಿ ಬಗ್ಗಿಸಿದ್ರು. ಜಾಬರ್ ಕಾಶೀನಾಥನ್ನ ಕೇಳಿದೆ, ಅವ ಅಡ್ಡಗೋಡಿ ಮ್ಯಾಲ ದೀಪ ಇಟ್ಟಂಗ, "ಇರಬೇಕ್ರಿ, ಯಾರದೋ ಇರಬೇಕು" ಅಂದ. ನನಗ ಸಿಟ್ಟು ಬಂತು. ಇವರ ಸಲುವಾಗಿ ನಾ ಸಾಹೇಬ್ರ ಜೋಡಿ ವಾದಾ ಮಾಡಿ ಬಂದ್ರ, ಇವರು ಬಾಯಿ ಬಿಡವಲ್ಲರು. "ನಿನ್ನ ಕಾಯಂ ಕೆಲಸ ನಿನಗ ಬ್ಯಾಡೇನ?" ಅಂತ ಶಾಂತವ್ವಗ ಬೈದೆ. ಆಕಿ ಸೆರಗಿನಿಂದ ಮಾರಿ ಒರಸಿಕೊಂಡು ಎದ್ದು ಹೋದಳು.

ಮರುದಿನ ಖೋಲಿಗೆ ಇನ್ನೊಬ್ಬಾಕಿ ಬಂದಳು, ರತ್ನವ್ವ. ವೈಂಡಿಂಗಿನ ಕಾಯಂ ಕೆಲಸದಾಕಿ. ಚಪ್ಪಲಿ ಬಿಟ್ಟು ಒಳಗ ಬಂದು, ಬಾಗಲಾ ಮುಚ್ಚಿ, ನಿಂತ ನಿಂತಲ್ಲೇ ಹೇಳಿದಳು. "ಬಾಯಿ, ಆಷಾಢದಾಗ ಆಕಿ ಕುಂತಿದ್ದು ನನ್ನ ಜಾಗಾದಾಗ. ನನ್ನ ಮಗಳ ಮ್ಯಾಲ ಸ್ಟೋವ್ ಸಿಡದು ದವಾಖಾನಿಯೊಳಗ ಇದ್ದಳು. ನಂದು ರಜಾ ಎಲ್ಲಾ ಮುಗದಿತ್ತು. ಇನ್ನೊಂದು ದಿನ ತಪ್ಪಿದ್ರ ಕೆಲಸಾ ಹೋಗತಿತ್ತು. ಕಾಶೀನಾಥಣ್ಣ ನನ್ನ ಹಾಜರಿ ಹಾಕಿದ." ಆಗ ನನಗ ತಿಳೀತು. ಬದಲಿ ಫೈಲಿನಾಗ ಶಾಂತವ್ವ, ಕಾಯಂ ಫೈಲಿನಾಗ ರತ್ನವ್ವ, ಒಂದ ಜಾಗಾಕ್ಕ ಇಬ್ಬರೂ ಹಾಜರ್. ಎರಡು ಫೈಲು ಎರಡು ಡಿಸ್ಕಿನಾಗ ಇದ್ದದ್ದಕ್ಕ ಯಾರ ಕಣ್ಣಿಗೂ ಬಿದ್ದಿದ್ದಿಲ್ಲ. ಎರಡನ್ನೂ ಕೂಡಿಸಿ ನೋಡಾಕ ಹೋದಾಕಿ ನಾನ.

"ನನ್ನ ಗೈರಹಾಜರ್ ಹೊಡೀರಿ. ಆಕಿಗಿ ಅನ್ಯಾಯ ಆಗಬಾರದು" ಅಂದಳು ರತ್ನವ್ವ.

"ಹೊಡದ್ರ ನಿನ್ನ ಕೆಲಸಾ ಹೋಗತೈತಲ್ಲವಾ. ಕಾಶೀನಾಥಂದೂ ಹೋಗತೈತಿ."

"ಗೊತ್ತೈತ್ರಿ."

ನಾ ಕೀಲಿ ಮ್ಯಾಲ ಕೈ ಇಟ್ಟು ಕುಂತೆ. ಹೊಡದ್ರ ಈಕಿ ಬೀದಿಗಿ, ಹೊಡೀದಿದ್ರ ಆಕಿ ಬೀದಿಗಿ. ಬಿಸಿ ತುಪ್ಪ, ನುಂಗೂ ಹಂಗಿಲ್ಲ, ಉಗುಳೂ ಹಂಗಿಲ್ಲ. ಗುರುಪಾದಪ್ಪನವರ ಕಡೆ ನೋಡಿದೆ. ಅವರು ಕನ್ನಡಕ ತಗದು ಒರಸಾಕತ್ತಿದ್ರು. ಜೀವಮಾನ ಪೂರಾ ಹಾಜರಿ ಬರದ ಮನುಷ್ಯಾ, ಅವರಿಗೂ ತಿಳೀಲಿಲ್ಲ. "ಶಾಂತವ್ವನ್ನ ಕರೀರಿ" ಅಂದ್ರು ಕಡೀಕ.

ಶಾಂತವ್ವ ಬಂದಳು. ರತ್ನವ್ವನ್ನ ನೋಡಿದ ಕೂಡಲೆ ತಿಳಕೊಂಡಳು. "ನೀ ಯಾಕ ಬಂದಿ ಇಲ್ಲಿಗಿ?" ಅಂತ ಆಕಿಗಿ ಗದರಿದಳು. ಆಮ್ಯಾಲ ನನಗ ಅಂದಳು, "ಹೊಡೀಬ್ಯಾಡ್ರಿ ಬಾಯಿ."

"ನಿನ್ನ ದಿನ ತುಂಬಾಂಗಿಲ್ಲ ಶಾಂತವ್ವಾ. ಮತ್ತೊಂದು ವರ್ಷ ಗೇಟಿನ ಮುಂದ ನಿಂದರಬೇಕು."

"ನಿಂದರತೀನಿ. ಬದಲಿ ಅಂದ್ರ ಒಬ್ಬಾಕಿ ಬರದಿದ್ರ ಆಕಿ ಜಾಗಾ ಹಿಡಿಯೂದ್ರಿ. ಆಕಿನ್ನ ಎಬಿಸಿ ಕೂಡೂದಲ್ಲ."

ರತ್ನವ್ವ ಅಳಾಕತ್ತಿದಳು. ನಾನೂ ಅತ್ತೆ, ಮುಚ್ಚಿಡೂದು ಯಾಕ. ಆಷಾಢದ ದಿನ ಬಿಟ್ಟು ಉಳದದ್ದು ಹೊಡದು, ಫೈಲ್ ಇಟ್ಟುಬಿಟ್ಟೆ. ಅದು ನ್ಯಾಯ ಆತೋ ಅನ್ಯಾಯ ಆತೋ, ನನಗ ಇವತ್ತಿಗೂ ತಿಳಿದಿಲ್ಲ. ದಸರಾಕ್ಕ ಯಾದಿ ಹಚ್ಚಿದ್ರು. ವೈಂಡಿಂಗಿನ ಬದಲಿ ಹೆಣ್ಮಕ್ಕಳು ಬೇಕಾದಷ್ಟು ಮಂದಿ ಕಾಯಂ ಆದ್ರು, ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಪೇಢೆ ಹಂಚಿದ್ರು. ಶಾಂತವ್ವ ನನಗೂ ಬನ್ನಿ ಕೊಟ್ಟು ಕಾಲಿಗಿ ಬಿದ್ದಳು. ನನಗ ಆಕಿ ಮಾರಿ ನೋಡಾಕ ಆಗಲಿಲ್ಲ.

ಹೊಸ ವರ್ಷದ ರಜಾದ ಲೆಕ್ಕ ಸುರು ಆದ ಮ್ಯಾಲ ಒಂದು ಸೋಮವಾರ ರತ್ನವ್ವ ಬರಲಿಲ್ಲ. ಕಾಶೀನಾಥ ಆಕಿ ಜಾಗಾಕ್ಕ ಶಾಂತವ್ವನ್ನ ಕರದ. ನಾ ಎರಡೂ ಫೈಲಿನಾಗ ಹೊಡದೆ. ಮುಂದಿನ ಸೋಮವಾರನೂ ಬರಲಿಲ್ಲ. ಅದರ ಮುಂದಿನ ಸೋಮವಾರನೂ. ಆಕಿ ಒಬ್ಬಾಕಿ ರಜಾ ಸಾಲಾಂಗಿಲ್ಲ ಅಂತೋ ಏನೋ, ಕಲಾವತಿ ಬುಧವಾರ ತಪ್ಪಿಸಾಕ ಹತ್ತಿದಳು, ಆಮ್ಯಾಲ ಗಂಗವ್ವ. ಪ್ರತಿ ಸಲ ಗೇಟಿನಾಗ ಕೇಳೂ ಹೆಸರು ಶಾಂತವ್ವಂದ. ನಾ ಎರಡೂ ಫೈಲಿನಾಗ ಹೊಡಕೋತ ಹೋದೆ, ಆಕಿ ದಿನ ಏರಕೋತ ಹೋದ್ವು.

ಒಂದಿನ ಮ್ಯಾನೇಜರ್ ಸಾಹೇಬ್ರು ಪಡದೆ ನೋಡಿ, "ಬಾಯಿ, ಈ ರತ್ನವ್ವ ಸೋಮವಾರಕ್ಕೊಮ್ಮೆ ಯಾಕ ಬರಾಂಗಿಲ್ಲ? ಏನರೆ ಬ್ಯಾನಿ ಐತೇನು?" ಅಂತ ಕೇಳಿದ್ರು. ನಾ ಬಾಯಿ ತೆಗಿಯೂ ಮೊದಲ ಗುರುಪಾದಪ್ಪನವರು ಎದ್ದು ನಿಂತ್ರು.

"ಬ್ಯಾನಿ ಇಲ್ರಿ ಸಾಹೇಬ. ಸೋಮವಾರದ ವ್ರತ ಹಿಡದಾಳ್ರಿ ಆಕಿ. ಮುಂದಿನ ದಸರಾತನಕ."